ಮೈಯೆಲ್ಲ ಮೂಗು

ಪ್ರಶ್ನೆ: ನಮ್ಮೂರ ಕಡಲತೀರದಲ್ಲಿ ಒಂದು ಲೋಳೆಮೀನು (ಜೆಲ್ಲಿಫಿಶ್) ಬಿದ್ದಿತ್ತು. ಕಡ್ಡಿಯಿಂದ ಮಗುಚಿ ನೋಡಿದೆ. ಕಿವಿರೂ ಇಲ್ಲ, ಶ್ವಾಸಕೋಶವೂ ಇಲ್ಲ. ಅದು ಉಸಿರಾಡುವುದು ಹೇಗೆ? ನೀರಿಗಿಂತ ಗಾಳಿಯಲ್ಲೇ ಆಮ್ಲಜನಕ ಹೆಚ್ಚು ಎಂದು ಮೇಷ್ಟ್ರು ಹೇಳಿದ್ದಾರೆ. ಹಾಗಾದರೆ ದಡಕ್ಕೆ ಬಂದದ್ದು ಸಾಯುವುದೇಕೆ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಕೈ ಹಾಕದೆ ಕಡ್ಡಿ ಹಿಡಿದೆಯಲ್ಲ ತಂಗಿ, ಬಚಾವಾದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಲೋಳೆಮೀನಿಗೆ ಮೈಯೆಲ್ಲ ಮೂಗೇ. ನೀರಿನಲ್ಲಿ ಕರಗಿರುವ ಆಮ್ಲಜನಕ ಅದರ ತೆಳು ಹೊದಿಕೆಯೊಳಕ್ಕೆ ನೇರವಾಗಿ ನುಸುಳುತ್ತದೆ, ಇಂಗಾಲದ ಡೈಆಕ್ಸೈಡ್ ಅದೇ ದಾರಿಯಲ್ಲಿ ಹೊರಬೀಳುತ್ತದೆ. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿ ಸರಿಯುವ ಈ ಕ್ರಿಯೆಯೇ ವಿಸರಣೆ. ಹೆಸರು ದೊಡ್ಡದು, ಆಸಾಮಿ ಮಾತ್ರ ಮಹಾ ಸೋಮಾರಿ.

ನಂಬಿಕೆ ಬಾರದಿದ್ದರೆ ಒಂದು ಲೋಟದಲ್ಲಿ ಚೈನಾ ಗ್ರಾಸ್ ಕಾಸಿ ಹೆಪ್ಪುಗಟ್ಟಿಸು. ಮೇಲೆ ಒಂದು ಚಮಚ ಬೀಟ್‌ರೂಟ್ ರಸ ಹಾಕಿ ರಾತ್ರಿ ಹಾಗೇ ಬಿಡು. ನಾನು ಮಾಡಿದಾಗ ಬೆಳಗಾಗುವಷ್ಟರಲ್ಲಿ ಬಣ್ಣ ಅರ್ಧ ಬೆರಳಗಲ ಇಳಿದಿತ್ತು, ಅಷ್ಟೇ. (ಲೋಟಕ್ಕಾಗಿ ಮನೆಯಲ್ಲಿ ಬೈಸಿಕೊಂಡೆ.) ಆಮ್ಲಜನಕ ಇದಕ್ಕಿಂತ ಚುರುಕು. ಆದರೂ ನಿಂತ ನೀರಿನಲ್ಲಿ 1 ಮಿಲಿಮೀಟರ್ ದಾಟಲು ಅದಕ್ಕೆ ಸುಮಾರು 4 ನಿಮಿಷ ಬೇಕು, 1 ಸೆಂಟಿಮೀಟರ್ ದಾಟಲು ಹತ್ತಿರಹತ್ತಿರ 7 ಗಂಟೆ. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ನಮಗೆ ಶ್ವಾಸಕೋಶ, ರಕ್ತ, ಹೃದಯ ಎಂದು ಇಷ್ಟೆಲ್ಲ ಸರಂಜಾಮು ಬೇಕಾಗಿರುವುದೇ ಇದಕ್ಕೆ.

ಹಾಗಿದ್ದರೆ ಪರಾತದಷ್ಟು ಅಗಲದ ಲೋಳೆಮೀನು ಬದುಕುವುದು ಹೇಗೆ? ಅದರ ಜೀವಕೋಶಗಳು ಬಹುಪಾಲು ಎರಡೇ ತೆಳು ಪದರಗಳಲ್ಲಿವೆ: ಒಂದು ಹೊರಮೈಗೆ, ಇನ್ನೊಂದು ಹೊಟ್ಟೆಯ ಒಳಗೋಡೆಗೆ. ಎರಡಕ್ಕೂ ನೀರು ಪಕ್ಕದಲ್ಲೇ. ನಡುವಿನದೆಲ್ಲ ಬರೀ ಲೋಳೆ, ಅದಕ್ಕೆ ಬೇಕಾಗುವ ಆಮ್ಲಜನಕ ತೀರಾ ಅಲ್ಪ. ಮನೆ ದೊಡ್ಡದು, ಉಣ್ಣುವ ಬಾಯಿ ಕಡಿಮೆ. ಮೈಗೆ ತಾಗಿದ ನೀರು ಹಳಸದಂತೆ ಕೊಡೆಯಂಥ ಮೈಯನ್ನು ಬಿಚ್ಚಿ ಮುಚ್ಚುತ್ತ ಹೊಸ ನೀರನ್ನೂ ಎಳೆದುಕೊಳ್ಳುತ್ತದೆ. ಈಜುವುದೂ ಅದರಿಂದಲೇ.

ಕಿವಿರು, ಶ್ವಾಸಕೋಶ ಇಲ್ಲದವರು ಇನ್ನೂ ಇದ್ದಾರೆ. ಸ್ಪಂಜು ಪ್ರಾಣಿ ಕೂತಲ್ಲೇ ತನ್ನ ರಂಧ್ರಗಳ ಮೂಲಕ ನೀರು ಹರಿಸಿಕೊಳ್ಳುತ್ತದೆ. ಚಪ್ಪಟೆಹುಳು ಎಲೆಯಷ್ಟು ತೆಳ್ಳಗಿದ್ದೇ ಪಾರಾಗುತ್ತದೆ. ದಪ್ಪಗಾದರೆ ಅದರ ಕಥೆ ಮುಗಿಯಿತು.

ಈಗ ದಡದ ಮಾತು. ನಿಮ್ಮ ಮೇಷ್ಟ್ರು ಹೇಳಿದ್ದು ಸರಿ: ನಮ್ಮ ಕಡಲಿನಂಥ ಬೆಚ್ಚಗಿನ ನೀರಿನ ಒಂದು ಲೀಟರಿನಲ್ಲಿ ಆಮ್ಲಜನಕ ಹೆಚ್ಚೆಂದರೆ 6–7 ಮಿಲಿಗ್ರಾಂ, ಒಂದು ಲೀಟರ್ ಗಾಳಿಯಲ್ಲಿ ಸುಮಾರು 270. ಆದರೆ ಲೋಳೆಮೀನಿನ ಮೈ ನೂರಕ್ಕೆ 95ರಷ್ಟು ನೀರೇ, ಎಲುಬಿಲ್ಲ. ಕಡಲು ಎತ್ತಿ ಹಿಡಿದಿದ್ದ ಕೊಡೆ ಮರಳ ಮೇಲೆ ಕುಸಿದು ಮಡಿಕೆ ಮಡಿಕೆಯಾಗಿ ಅಂಟಿಕೊಳ್ಳುತ್ತದೆ, ಬಿಸಿಲಿಗೆ ಒಣಗುತ್ತದೆ. ಸುತ್ತ ಎಷ್ಟು ಆಮ್ಲಜನಕವಿದ್ದರೇನು?

ಇನ್ನು ಕಡ್ಡಿಯ ವಿಷಯ. ಕಾಲೇಜಿಗೆ ಹೋಗುತ್ತಿದ್ದಾಗ ಹುಮ್ಮಸ್ಸಿನಲ್ಲಿ ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ) ಎಳೆಯುವವರ ಜೊತೆ ಸೇರಿಕೊಂಡಿದ್ದೆ. ಬಲೆಗೆ ಅಂಟಿದ್ದ ಸತ್ತ ಲೋಳೆಮೀನನ್ನು ಬರಿಗೈಯಲ್ಲಿ ಬಿಡಿಸಲು ಹೋಗಿ ಮೊಣಕೈವರೆಗೆ ಉರಿ, ರಾತ್ರಿಯಿಡೀ ನಿದ್ದೆಯಿಲ್ಲ. ಪ್ರಾಣಿ ಸತ್ತರೂ ಅದರ ಕುಟುಕುವ ಕೋಶಗಳು ತಾಗಿದರೆ ಸಿಡಿಯುತ್ತವೆ.