ಮುಟ್ಟು ಸರಿಯಾಗಿ ಆಗ್ತಿದ್ರೆ ಅಂಡಾಶಯದಲ್ಲಿ ಗಡ್ಡೆ ಇರಲ್ವಾ?

‘ಕೆಳಹೊಟ್ಟೆಯ ಒಂದೇ ಪಕ್ಕ ಭಾರ, ಆಗಾಗ ನೋವು. ಮುಟ್ಟು ಮಾತ್ರ ತಿಂಗಳಿಗೆ ಸರಿಯಾಗಿ ಆಗುತ್ತೆ, ಹಾಗಾಗಿ ಸಿಸ್ಟ್ ಇರಲಾರದು ಅಲ್ವಾ’ ಅಂತ ಕೇಳಿದ್ದೀರಿ. ಆ ‘ಹಾಗಾಗಿ’ ನನ್ನ ಒಂದು ಅಂಡಾಶಯವನ್ನೇ ತಿಂದುಹಾಕಿದೆ.

ನನಗಾಗ 26. ಹಾಸನದಲ್ಲಿ ಕೆಲಸ, ಶನಿವಾರ ಬಂತೆಂದರೆ ಬೆಂಗಳೂರಿನ ಬಸ್ಸು. ಮೊದಲು ಕಾಟ ಕೊಟ್ಟಿದ್ದು ಚೂಡಿದಾರದ ಲಾಡಿ. ತೂಕ ಏರಿರಲಿಲ್ಲ, ಆದರೂ ಸಂಜೆಯ ಹೊತ್ತಿಗೆ ಗಂಟು ಸಡಿಲಿಸಬೇಕು. ಚನ್ನರಾಯಪಟ್ಟಣದಲ್ಲಿ ಇಳಿದು ಹೋಗಿಬಂದಿದ್ದರೂ ಕುಣಿಗಲ್ ಬರೋಷ್ಟರಲ್ಲಿ ಮತ್ತೆ ಮೂತ್ರಕ್ಕೆ ಅವಸರ. ನಾಲ್ಕು ತುತ್ತಿಗೇ ಹೊಟ್ಟೆ ಬಿರಿ. ಮನೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು: ಗ್ಯಾಸು. ಓಮದ ಕಷಾಯ, ಸೋಡಾ, ಸುಟ್ಟ ಬೆಳ್ಳುಳ್ಳಿ ಎಲ್ಲಾ ಆಯ್ತು.

ನಾನು ಎಡವಿದ್ದೆಲ್ಲಿ ಅಂತ ಬಿಡಿಸಿ ಹೇಳ್ತೀನಿ, ಕೇಳಿ. ನೋವು ಹೋದಾಗ ಕಾಯಿಲೆಯೂ ಹೋಯ್ತು ಅಂದುಕೊಂಡೆ. ಎರಡು ಸಲ ಎಡಪಕ್ಕ ಚುಚ್ಚಿ ಹಿಡಿದು, ವಾಕರಿಕೆ ಬಂದು, ಅರ್ಧ ಗಂಟೆಯಲ್ಲಿ ತಾನಾಗೇ ಬಿಟ್ಟಿತ್ತು. ಕಷಾಯ ಕುಡಿದಿದ್ದೆನಲ್ಲ, ಪುಣ್ಯವೆಲ್ಲ ಅದಕ್ಕೇ ಹೋಯ್ತು! ಗಡ್ಡೆಯ ಭಾರಕ್ಕೆ ಅಂಡಾಶಯ ಬುಡದಲ್ಲಿ ತಿರುಚಿಕೊಂಡು, ಮತ್ತೆ ಬಿಚ್ಚಿಕೊಂಡಿರಬೇಕು ಅಂತ ಡಾಕ್ಟರು ಹೇಳಿದ್ದು ಆಮೇಲೆ. ಆಗ ನಾನು ನೋಡಿದ್ದು ಕ್ಯಾಲೆಂಡರನ್ನು. 28 ದಿನಕ್ಕೆ ಸರಿಯಾಗಿ ಮುಟ್ಟು. ಪಿಸಿಓಡಿ (ಹಾರ್ಮೋನ್ ಏರುಪೇರಿನ ತೊಂದರೆ) ಇದ್ದ ಗೆಳತಿಗೆ ಮೂರು ತಿಂಗಳಾದರೂ ಆಗ್ತಿರಲಿಲ್ಲ, ಸಿಸ್ಟ್ ಅಂದರೆ ಅದೇ ಅಂತ ನನ್ನ ಲೆಕ್ಕ. ಎರಡೂ ಬೇರೆ ಬೇರೆ ಕಣ್ರೀ. ಪಿಸಿಓಡಿಯಲ್ಲಿ ಕಾಣೋದು ಪೂರ್ತಿ ಬೆಳೆಯದೆ ಉಳಿದ, ಕೆಲವೇ ಮಿಲಿಮೀಟರಿನ ಅಂಡಾಣು-ಚೀಲಗಳು, ಅಂದರೆ ಫಾಲಿಕಲ್‌ಗಳು. ನನ್ನದು ಡರ್ಮಾಯ್ಡ್ ಅನ್ನೋ ಬಗೆಯ 8 ಸೆಂಟಿಮೀಟರಿನ ಗಡ್ಡೆ. ಅದು ಸಾಮಾನ್ಯವಾಗಿ ಹಾರ್ಮೋನಿನ ತಂಟೆಗೇ ಹೋಗಲ್ಲ, ಮುಟ್ಟು ಯಾಕೆ ತಪ್ಪುತ್ತೆ?

ಮೂರನೇ ಸಲ ಬಿಚ್ಚಿಕೊಳ್ಳಲಿಲ್ಲ. ನೆಲಮಂಗಲ ದಾಟುವಾಗ ಕಿಟಕಿಯಾಚೆ ವಾಂತಿ. ಪಕ್ಕದ ಸೀಟಿನವರು ‘ಪಿತ್ತ ಇರಬೇಕು’ ಅಂದರು, ನಾನೂ ಒಪ್ಪಿಕೊಂಡು ಮನೆಗೆ ಹೋಗಿ ರಾತ್ರಿಯೆಲ್ಲಾ ಮುದುಡಿ ಬಿದ್ದಿದ್ದೆ. ಮಾರನೇ ದಿನ ಆಪರೇಷನ್ ಹೊತ್ತಿಗೆ ರಕ್ತ ಓಡಾಡದೆ ಅಂಡಾಶಯ ಕಪ್ಪಾಗಿತ್ತು, ತೆಗೆದರು. ಸ್ಟೀಲ್ ಬಟ್ಟಲಲ್ಲಿ ಬೆಣ್ಣೆಯಂಥ ಕೊಬ್ಬು, ಅದರೊಳಗೆ ಸುರುಳಿ ಸುತ್ತಿದ ಕೂದಲು. ಅಮ್ಮ ಮಾಟ ಅಂತಲೇ ನಂಬಿದಳು. ಚರ್ಮ, ಕೂದಲು, ಹಲ್ಲು ಏನು ಬೇಕಾದರೂ ಆಗಬಲ್ಲ ಜೀವಕೋಶ ಅಂಡಾಶಯದಲ್ಲೇ ಇರುತ್ತೆ ಅಂತ ಡಾಕ್ಟರು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲಕ್ಷಣದ ಪಟ್ಟಿ ಹಿಡಿದು ಕೂರಬೇಡಿ, ಸ್ಕ್ಯಾನ್ ಮಾಡಿಸಿ. ಮದುವೆಯಾಗಿಲ್ಲ ಅನ್ನೋ ಸಂಕೋಚವೂ ಬೇಡ. ನೀರು ಕುಡಿದು, ಮೂತ್ರ ಕಟ್ಟಿಕೊಂಡು ಮಲಗಿದರೆ ಹೊಟ್ಟೆಯ ಮೇಲಿಂದಲೇ ನೋಡ್ತಾರೆ. ಬರೀ ನೀರುಗುಳ್ಳೆಯಾದರೆ ಬಹಳಷ್ಟು ಸಲ ಎರಡು ಮೂರು ತಿಂಗಳಲ್ಲಿ ತಾನೇ ಕರಗುತ್ತೆ, ಮತ್ತೊಂದು ಸ್ಕ್ಯಾನಿಗೆ ಹೋಗಿಬಂದರಾಯ್ತು. ಡರ್ಮಾಯ್ಡ್ ಕರಗಲ್ಲ, ಕರಗಿಸ್ತೀವಿ ಅಂತ ಬೇರು-ನಾರು ಕೊಡೋರನ್ನ ದೂರ ಇಡಿ. ಒಂದೇ ಪಕ್ಕ ತಟ್ಟನೆ ನೋವು ಹಿಡಿದು ವಾಂತಿಯಾಯ್ತೋ, ರಾತ್ರಿ ಎಷ್ಟು ಗಂಟೆಯಾಗಿದ್ರೂ ಆಸ್ಪತ್ರೆಗೆ ಹೊರಡಿ.

ಅಂದಹಾಗೆ, ಉಳಿದಿರೋದು ಒಂದೇ ಅಂಡಾಶಯವಾದರೂ ನನಗೆ ಈಗಲೂ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತೆ.