ಎರಡು ಅಳತೆಯ ಚಪ್ಪಲಿ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕಲಬುರಗಿ ಜಿಲ್ಲೆಯ ಒಬ್ಬ ತಾಯಿ, ತೊಗರಿ ಹೊಲದಲ್ಲಿ ಕೂಲಿ, ವಯಸ್ಸು 40 ದಾಟಿದೆ. ಎಡಗಾಲಿಗೆ ಆನೆಕಾಲು ಬಾವು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಇವರು ಅಡುಗೆಮನೆ ಬಿಟ್ಟು ಹೊರಗೆ ಬರಲೇ ಇಲ್ಲ. ಅಲ್ಲಿಂದ ಊಟ ಸೇರದು, ನಿದ್ದೆ ಇಲ್ಲ. ನಮ್ಮ ಸಂಸ್ಥೆಗೆ, ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಮಗಳೇ ಕರೆದುಕೊಂಡು ಬಂದಳು.

ಮೊದಲ ದಿನ ನಾನು ಎಡವಿದೆ. ನಾಚಿಕೆ, ಧೈರ್ಯ ಅಂತ ಅರ್ಧ ಗಂಟೆ ಮಾತಾಡಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ಸೀರೆ ಅಂಚು ಎತ್ತಿ, "ಬೆರಳ ಸಂದಿ ವಾಸನಿ ಬರ್ತದರೀ. ಅದಕ್ಕೇನ್ ಮಾಡ್ಲಿ ಹೇಳ್ರಿ" ಅಂದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸಂದಿಯ ಚರ್ಮ ಬೆಳ್ಳಗೆ ನೆಂದು ಬಿರಿದಿತ್ತು. ಯಾರಾದರೂ ನೋಡಿಯಾರು ಅಂತ ಕತ್ತಲಲ್ಲಿ ಎರಡು ತಂಬಿಗೆ ನೀರು ಸುರಿದುಕೊಂಡು, ಒರೆಸದೆ ಸೀರೆ ಇಳಿಬಿಡುತ್ತಿದ್ದರಂತೆ. ಆ ಬಿರುಕಲ್ಲೇ ಸೋಂಕು ಒಳಹೋಗುವುದು. ಚಳಿಜ್ವರ ಬರುತ್ತದೆ, ಕಾಲು ಕೆಂಪಾಗುತ್ತದೆ. ಪ್ರತಿ ಸಲ ಜ್ವರ ಬಿಟ್ಟಾಗ ಬಾವು ಇನ್ನಷ್ಟು ಉಳಿದುಬಿಡುತ್ತದೆ.

ಮಾತು ಬದಿಗಿಟ್ಟು ಸಂಸ್ಥೆಯ ನರ್ಸ್ ಜೊತೆ ಬಕೆಟ್ ತರಿಸಿದೆವು. ಮೈಸೋಪು, ತಣ್ಣೀರು. ಬ್ರಷ್ ಬೇಡ, ಕೈಯಲ್ಲೇ ಮೊಣಕಾಲಿಂದ ಕೆಳಗೆ, ನೀರು ತಿಳಿಯಾಗುವ ತನಕ. ಬೆರಳ ಸಂದಿಗೆ ಟವೆಲ್ ಹೋಗಲಿಲ್ಲ. ಮಗಳು ಹಳೇ ಧೋತರದ ಸಣ್ಣ ಪಟ್ಟಿ ಹರಿದು, ಸೂಜಿಗೆ ದಾರ ಪೋಣಿಸುವ ಹಾಗೆ ತೂರಿಸಿ ಒರೆಸಿದಳು. ಬಿರುಕಿಗೆ ಡಾಕ್ಟರು ಮುಲಾಮು ಬರೆದರು. ದಿನಕ್ಕೆ ಎರಡು ಸಲ ಇದೇ ಕೆಲಸ. ಮಲಗುವಾಗ ಮಂಚದ ಕಾಲ್ದೆಸೆಗೆ ಎರಡು ಇಟ್ಟಿಗೆ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಪಾದ ತಿರುಗಿಸುವುದು. ಬ್ಯಾಂಡೇಜ್ ಮಾತ್ರ ಡಾಕ್ಟರು ನೋಡದೆ ಬೇಡ, ಇವರಿಗೆ ಸಕ್ಕರೆ ಕಾಯಿಲೆಯೂ ಇತ್ತು.

ಜ್ವರ ಬಂದ ದಿನ ವ್ಯಾಯಾಮ ಇಲ್ಲ, ತಿಕ್ಕುವುದಿಲ್ಲ, ಶಾಖ ಕೊಡುವುದಿಲ್ಲ. ತಣ್ಣೀರ ಬಟ್ಟೆ ಸುತ್ತಿ ಅವತ್ತೇ ಆಸ್ಪತ್ರೆಗೆ. ಇವರು ಹಿಂದೆ ಬರೆ ಹಾಕಿಸಿಕೊಂಡಿದ್ದರು. ಬೈಯಲು ನನಗೆ ಮನಸ್ಸಾಗಲಿಲ್ಲ. ನೋವಿದ್ದವರು ಏನನ್ನೂ ಬಿಡುವುದಿಲ್ಲ, ಅಲ್ವಾ?

ವರ್ಷವರ್ಷ ಮನೆಗೆ ಬಂದು ಕೊಡುವ ಗುಳಿಗೆ ನುಂಗಿದರೂ ಕಾಲು ಇಳಿಯಲಿಲ್ಲ ಎಂಬ ಸಿಟ್ಟು ಬೇರೆ. ಆ ಗುಳಿಗೆ, ಅಂದರೆ ಡಿಇಸಿ, ಅಲ್ಬೆಂಡಜೋಲ್, ಇರುವುದು ಈ ರೋಗ ತರುವ ಹುಳುವಿಗೆ. ಹುಳು ಆಗಲೇ ಕೆಡಿಸಿದ ದುಗ್ಧನಾಳ, ಅಂದರೆ ಕಾಲಲ್ಲಿ ನಿಲ್ಲುವ ನೀರನ್ನು ಮೇಲಕ್ಕೆ ಸಾಗಿಸುವ ನಾಳ, ಅದರಿಂದ ಸರಿಹೋಗುವುದಿಲ್ಲ. ಕಾಲು ಮೊದಲಿನಂತಾಗುತ್ತದೆ ಅಂತ ನಾನು ಸುಳ್ಳು ಹೇಳಲಿಲ್ಲ. ಬೀಗರ ಭಯಕ್ಕೆ ಮಾತ್ರ ಗಟ್ಟಿ ಉತ್ತರವಿತ್ತು. ಇದು ಮುಟ್ಟಿದರೆ ಬರುವುದಲ್ಲ, ರಕ್ತಸಂಬಂಧದಿಂದಲೂ ಬರುವುದಲ್ಲ. ಚರಂಡಿ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವುದು. ಮಗಳ ಹತ್ತಿರ ಇದನ್ನೇ ನಾಲ್ಕು ಸಲ ಹೇಳಿಸಿದೆ, ತಾಯಿ ಕೇಳುವ ಹಾಗೆ.

ಅಳತೆಗೆ ಟೇಪ್ ಕೊಟ್ಟರೆ ಅಂಕಿ ಓದಲು ಬರದು. ಕಣಕಾಲಿಗೆ ದಾರ ಸುತ್ತಿ ಗಂಟು ಹಾಕಲು ಹೇಳಿದೆ, ಪ್ರತಿ ಸೋಮವಾರ ಬೆಳಿಗ್ಗೆ, ಹಾಸಿಗೆ ಬಿಡುವ ಮೊದಲು. ಮೂರು ತಿಂಗಳಿಗೆ ಗಂಟು ಒಂದು ಬೆರಳಗಲ ಹಿಂದೆ ಸರಿದಿತ್ತು. ವಾಸನೆ ಅದಕ್ಕೂ ಮೊದಲೇ ಹೋಗಿತ್ತು.

ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ ಅಂದಿದ್ದಕ್ಕೆ ಎರಡು ಜೊತೆ ಚಪ್ಪಲಿ ಕೊಂಡರು. ಎಡಕ್ಕೆ 9ರ ಅಳತೆ, ಬಲಕ್ಕೆ 6. ಕೊನೆಯ ಭೇಟಿಗೆ ಉಳಿದೆರಡನ್ನು ಚೀಲದಲ್ಲಿ ತಂದಿದ್ದರು. "ಬಲಗಾಲು ಬಾತವ್ರು ಯಾರರೆ ಬರ್ತಾರೇನ್ರಿ ನಿಮ್ ಕಡಿ?"