ಓದುಗರ ಪ್ರಶ್ನೆ: ಹೊಗೆಸೊಪ್ಪು ಬಿಡಿಸುವ ದಾರಿ

ಪ್ರಶ್ನೆ: ಮೇ 31ರ ತಂಬಾಕು ವಿರೋಧಿ ದಿನಕ್ಕೆ ನಮ್ಮ ಯುವಕ ಸಂಘ ಪ್ರತಿವರ್ಷ ಜಾಥಾ ಮಾಡುತ್ತದೆ. ಈ ಸಲ ಆ ಹಣದಲ್ಲಿ ಉಸಿರು ಪರೀಕ್ಷಿಸುವ ಯಂತ್ರ ಕೊಂಡು ಬಿಡಿಸುವ ಶಿಬಿರ ನಡೆಸೋಣವೇ?
– ಸಂಘದ ಕಾರ್ಯದರ್ಶಿ, ಬದಿಯಡ್ಕ

ಉತ್ತರ: ಶಿಬಿರ ಮಾಡಿ, ಯಂತ್ರ ಬೇಡ. ಅದು ಅಳೆಯುವುದು ಹೊಗೆಯಿಂದ ಉಸಿರಿಗೆ ಸೇರುವ ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು. ಬೀಡಿ ಸೇದಿ ಒಂದು ದಿನ ಕಳೆದರೆ ಅದಕ್ಕೆ ಸುಳಿವೇ ಸಿಗದು; ಹೊಗೆಸೊಪ್ಪು ಜಗಿಯುವವರಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಜಗಿಯುವವರಿಗೆ ಜೊಲ್ಲಿನಲ್ಲೋ ಮೂತ್ರದಲ್ಲೋ ಕೊಟಿನಿನ್ (ನಿಕೋಟಿನ್ ಮೈಯೊಳಗೆ ಒಡೆದು ಆಗುವ ವಸ್ತು) ನೋಡಬೇಕು. ಆದರೆ ತಂಬಾಕು ಬಿಡಲೆಂದು ಜಗಿಯುವ ನಿಕೋಟಿನ್ ಗಮ್ ಬಳಸುತ್ತಿರುವವರಿಗೂ ಅದು 'ಇದೆ' ಎಂದೇ ತೋರಿಸುತ್ತದೆ.

ನಿಮಗೆ ಒಂದು ನೋಟ್‌ಪುಸ್ತಕ ಸಾಕು. ಯಾವ ತಂಬಾಕು, ದಿನಕ್ಕೆಷ್ಟು, ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲನೆಯದು ಎಂದು ಬರೆದುಕೊಳ್ಳಿ. ಎರಡು ವಾರದೊಳಗೆ ಬಿಡುವ ದಿನ ಗೊತ್ತುಮಾಡಿ. ಅಂದು, ವಾರಕ್ಕೆ, ತಿಂಗಳಿಗೆ, ಆರು ತಿಂಗಳಿಗೆ ವಿಚಾರಿಸಿ. ಚಡಪಡಿಕೆ ಜೋರಾಗಿರುವುದು ಮೊದಲ ಎರಡು ಮೂರು ದಿನ. ಆಗ ಯಾರಾದರೂ ಮನೆಗೆ ಹೋಗಿ ಬಂದರೆ ಒಳ್ಳೆಯದು. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800112356ಕ್ಕೆ ಕರೆ ಉಚಿತ. ಕನ್ನಡದಲ್ಲಿ ಮಾತಾಡುವವರು ಬೇಕೆಂದು ಮೊದಲೇ ಹೇಳಿ.

ಕೊನೆಯ ಲೆಕ್ಕದಲ್ಲಿ ಸಿಗದೆ ಹೋದವರನ್ನು 'ಬಿಟ್ಟಿಲ್ಲ' ಎಂದೇ ಎಣಿಸಿ. 100 ಜನ ಹೆಸರು ಕೊಟ್ಟು, 40 ಮಂದಿ ಸಿಕ್ಕಿ, ಅವರಲ್ಲಿ 10 ಮಂದಿ ಬಿಟ್ಟಿದ್ದರೆ ಫಲ ಶೇ 10. ಶೇ 25 ಅಲ್ಲ. ವರದಿ ಚೆಂದ ಕಾಣಲಿ ಎಂದು ಎಡವುವುದು ಇಲ್ಲೇ. ಉಳಿದ ಹಣ ಕೈಲಾಗದವರಿಗೆ ಗಮ್ ಕೊಡಿಸಲು ಇರಲಿ.

ಪ್ರಶ್ನೆ: ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವ ಚಟ ಬಿಡಲು ಗಮ್ ತಂದೆ. ಬಿಕ್ಕಳಿಕೆ, ಎದೆಯುರಿ, ಚಪಲವೂ ಹೋಗಿಲ್ಲ.
– ಓದುಗರು, ಮುಳ್ಳೇರಿಯ

ಉತ್ತರ: ಗಮ್ಮನ್ನು ವೀಳ್ಯದಂತೆ ಜಗಿದು ರಸ ನುಂಗುತ್ತಿರಬೇಕು. ನುಂಗಿದ ನಿಕೋಟಿನ್ ಹೊಟ್ಟೆ ಉರಿಸುತ್ತದೆ, ಹೆಚ್ಚಿನ ಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ. ನಾಲ್ಕಾರು ಸಲ ನಿಧಾನ ಜಗಿಯಿರಿ. ಖಾರ, ಜುಮುಜುಮು ಎನ್ನಿಸಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿ. ಜುಮುಜುಮು ಅಡಗಿದ ಮೇಲೆ ಮತ್ತೆ ಜಗಿದು, ಈ ಸಲ ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಶರಬತ್ತು ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗಿಳಿಯುವುದಿಲ್ಲ. ವೀಳ್ಯದ ಸುಣ್ಣ ಮಾಡುತ್ತಿದ್ದುದು ಇದರ ತದ್ವಿರುದ್ಧ ಕೆಲಸ. ಅದಕ್ಕೆ ಹೋಲಿಸಿದರೆ ಗಮ್ಮಿನ ಪರಿಣಾಮ ನಿಧಾನ. ಚಪಲ ಏರುವ ಮೊದಲೇ, ಗಂಟೆ ಎರಡು ಗಂಟೆಗೊಂದರಂತೆ ತೆಗೆದುಕೊಳ್ಳಿ. ಎದ್ದ ಅರ್ಧ ಗಂಟೆಯೊಳಗೆ ಹೊಗೆಸೊಪ್ಪು ಬೇಕಾಗುತ್ತಿದ್ದರೆ 2 ಮಿ.ಗ್ರಾಂ. ಸಾಲದು, 4 ಮಿ.ಗ್ರಾಂ.ಗೆ ವೈದ್ಯರ ಚೀಟಿ ಬೇಕು.

ಅಡಿಕೆ ಬೆಳೆಯುವ ಊರಲ್ಲಿ ಹೇಳಲು ಕಷ್ಟವೇ, ಆದರೂ: ಹೊಗೆಸೊಪ್ಪು ತೆಗೆದು ಅಡಿಕೆ ಮಾತ್ರ ಜಗಿದರೆ ಬಾಯಿ ಸುರಕ್ಷಿತವಲ್ಲ. ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ.

ಪ್ರಶ್ನೆ: ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂಬ ನಿಯಮದಲ್ಲಿ ಅಳತೆ ಗೇಟಿನಿಂದಲೇ?
– ರಕ್ಷಕ-ಶಿಕ್ಷಕ ಸಂಘ, ಮಂಜೇಶ್ವರ

ಉತ್ತರ: ಅಲ್ಲ. ಹೊರಗೋಡೆ ಅಥವಾ ಬೇಲಿಯಿಂದ ಸುತ್ತಲೂ ನೇರ ಅಳತೆ, ಸುಮಾರು 91 ಮೀಟರ್. ರಸ್ತೆ ಸುತ್ತಿ ಅಳೆದರೆ ಗೂಡಂಗಡಿ ದೂರವಿದ್ದಂತೆ ಕಾಣುತ್ತದೆ. ಗೋಡೆಯ ಯಾವ ಮೂಲೆಯಿಂದ ಟೇಪ್ ಹಿಡಿದಿರೆಂದು ದೂರಿನಲ್ಲಿ ಬರೆಯಿರಿ, ಚಿತ್ರವನ್ನೂ ಲಗತ್ತಿಸಿ.